ಕೌದಿ ಕಲಿಸಲು ದೊಡವಾಡಕ್ಕೆ ಹೋದ ಶೆಟ್ಟೆವ್ವ

ಆ ಬೆಳಿಗ್ಗೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಶೆಟ್ಟೆವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಗಲಲ್ಲಿ ಚೂರು ಬಟ್ಟೆಗಳ ಗಂಟು, ಹೆಗಲ ಮೇಲೆ ಮಡಿಸಿದ ಹೊಸ ಕೌದಿ. ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದನ್ನು ಕಲಿಸಲು ದೊಡವಾಡದ ಮಹಿಳಾ ಸಂಘದವರು ಕರೆಸಿಕೊಂಡಿದ್ದರು. ಬೈಲಹೊಂಗಲದಿಂದ ಕೌದಿ ಹೊಲಿಯುವಾಕೆ ಬರುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು, ಅವಳು ಯಾರೆಂದು ಗೊತ್ತಿರಲಿಲ್ಲ. ದೊಡವಾಡ ಶೆಟ್ಟೆವ್ವನ ಗಂಡನ ಊರು. ಬಿಟ್ಟು ಬಂದ ಮೇಲೆ ಅವಳು ಆ ಕಡೆ ಮುಖ ಹಾಕಿರಲಿಲ್ಲ.

“ಎದಿ ಡವಡವ ಅನ್ನಾಕ ಹತ್ತೈತಿ ಅಕ್ಕಾ.”

“ಅನ್ನಲಿ ಬಿಡು. ಮದುವಿ ದಿನಾನೂ ಹಿಂಗ ಅಂದಿರಬೇಕು,” ಎಂದು ಜೊತೆಗೆ ಹೊರಟಿದ್ದ ಗೆಳತಿ ಹುಸೇನಮಾ ನಕ್ಕಳು.

ಗಂಡ ತೀರಿಕೊಂಡ ವರ್ಷವೇ ಶೆಟ್ಟೆವ್ವನಿಗೂ ಎಚ್‌ಐವಿ ಇರುವುದು ಗೊತ್ತಾಗಿತ್ತು. ಸುದ್ದಿ ಊರೆಲ್ಲ ಹಬ್ಬಿತು. ಅವಳು ನಲ್ಲಿಯ ಹತ್ತಿರ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ ಬಾಯವ್ವ ಇನ್ನೂ ಮುಂದೆ ಹೋದಳು. ಶೆಟ್ಟೆವ್ವ ತವರಿನಿಂದ ತಂದಿದ್ದ ಕೌದಿಯನ್ನು ಹಿತ್ತಲಿಗೆ ಎಸೆದು ಬೆಂಕಿ ಇಟ್ಟಳು. ಅವ್ವನ ಮಗ್ಗುಲಲ್ಲಿ ಕೂತು ತಾನೂ ಹೊಲಿದಿದ್ದ ಕೌದಿ ಅದು. ಅದರ ಹೊಗೆ ಆರುವ ಮೊದಲೇ ಶೆಟ್ಟೆವ್ವ ಊರು ಬಿಟ್ಟಳು.

ಬೈಲಹೊಂಗಲದಲ್ಲಿ ಗುಳಿಗೆ ತರಲು ಆಸ್ಪತ್ರೆಗೆ ಹೋದಾಗ ಸಿಕ್ಕವಳು ಮುನವಳ್ಳಿಯ ಹುಸೇನಮಾ. ಅವಳದೂ ಅದೇ ಜಡ್ಡು, ಅದೇ ಪಾಡು. ಆದರೆ ಬಾಯಿ ಗಟ್ಟಿ.

“ಅಳೂದು ಮುಗದಿದ್ರ ಒಂದ ಮಾತ ಕೇಳ್ತೇನಿ. ನಿನಗ ಏನ ಕೆಲಸ ಬರತೈತಿ?”

“ಕೌದಿ ಹೊಲಿಯೂದು.”

ಅಷ್ಟೇ ಸಾಕಾಯಿತು. ಒಂದು ಬಾಡಿಗೆ ಕೋಣೆ ಸಿಕ್ಕಿತು. ದರ್ಜಿಗಳು ಬಿಸಾಡುವ ಚೂರುಗಳು, ಹಳೆಯ ಇಳಕಲ್ ಸೀರೆಗಳು ಬಂದು ಬಿದ್ದವು. ಅದೇ ಜಡ್ಡಿನ ಇನ್ನಷ್ಟು ಹೆಂಗಸರು ಬಂದು ಕೂಡಿದರು. ಗುಳಿಗೆ ತಪ್ಪಿಸದೆ ನುಂಗಿದ್ದರಿಂದ ಶೆಟ್ಟೆವ್ವನ ಮೈ ತುಂಬಿಕೊಂಡಿತು, ಅವಳು ಹೊಲಿದ ಕೌದಿಗಳನ್ನು ಧಾರವಾಡ, ಬೆಳಗಾವಿಯ ಜನ ಹುಡುಕಿಕೊಂಡು ಬರತೊಡಗಿದರು.

ಬಸ್ಸು ದೊಡವಾಡ ಮುಟ್ಟಿತು. ಸಂಘದ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಶೆಟ್ಟೆವ್ವ ಕೌದಿಯನ್ನು ಝಾಡಿಸಿ ನೆಲದ ಮೇಲೆ ಹಾಸಿದಳು. ಕೆಂಪು, ಹಳದಿ, ಗಿಳಿಹಸಿರು ತುಂಡುಗಳು ಒಮ್ಮೆಲೇ ಅರಳಿಕೊಂಡವು. “ಅಯ್ಯ ಯವ್ವಾ!” ಎನ್ನುತ್ತ ಎಲ್ಲರೂ ಮುಟ್ಟಲು ಬಾಗಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಕೂಗಿದಳು: “ಇಕಿ ಶೆಟ್ಟೆವ್ವ ಅಲ್ಲೇನ? ಆ ಜಡ್ಡಿನಾಕಿ!”

ಚಾಚಿದ ಕೈಗಳು ಹಿಂದೆ ಸರಿದವು. ಹುಸೇನಮಾ ಬಾಯಿ ತೆರೆಯುವಷ್ಟರಲ್ಲಿ ಶೆಟ್ಟೆವ್ವ ಅವಳ ಕೈ ಅದುಮಿದಳು.

“ಹೌದ್ರಿ, ನಾನ. ಜಡ್ಡು ಐತಿ. ದಿನಾ ಗುಳಿಗಿ ತಗೋತೇನಿ, ಗಟ್ಟಿ ಅದೇನಿ. ಕೂಡಿ ಕುಂತ್ರ, ಕೂಡಿ ಉಂಡ್ರ, ಒಂದ ಕೌದ್ಯಾಗ ಮಲಗಿದ್ರ ಇದು ಬರೂದಲ್ಲ. ಸೂಜಿ ಮಾತ್ರ ಅವರವರದು ಅವರಿಗೆ ಇರಲಿ. ಅದು ಎಲ್ಲಾರಿಗೂ ಒಳ್ಳೇದು. ಹೋಗೂವರು ಹೋಗ್ರಿ, ಕಲಿಯೂವರು ಕುಂದರ್ರಿ.”

ಕೆಲವರು ಎದ್ದು ಹೋದರು. ಅವರು ಹೋದ ಬಾಗಿಲಲ್ಲೇ ಬಾಯವ್ವ ನಿಂತಿದ್ದಳು, ತಲೆ ನರೆತು, ಮೈ ಇಳಿದು. ನೆಟ್ಟಗೆ ಒಳಗೆ ಬಂದು ಕೌದಿಯ ಮುಂದೆ ಕೂತು, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿದಳು.

“ಇಂಥಾದ್ದನ್ನ ನಾ ಸುಟ್ಟೆ,” ಎಂದಳು, ಎಲ್ಲರಿಗೂ ಕೇಳುವಂತೆ. “ಅಂಜಿಕಿ ಇತ್ತು, ತಿಳಿವಳಿಕಿ ಇರಲಿಲ್ಲ. ನನಗೂ ಕಲಸ್ತಿಯೇನ, ಶೆಟ್ಟೆವ್ವ?”

ಶೆಟ್ಟೆವ್ವನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿ ಬಂದವು.

“ನಾ ಅದನ್ನ ಮರ್ತಿಲ್ಲ ಯಕ್ಕಾ. ಮರಿಯೂದೂ ಇಲ್ಲ. ಕಲಸ್ತೇನಿ. ಆ ಕೆಂಪ ಅರಿವಿ ತಗೋ.”

“ಬಾಯವ್ವ ಕಲಿತ್ರ ನಾವೇನ ಕಡಿಮಿ?” ಎನ್ನುತ್ತ ಮುದುಕಿ ಗುರುಬಸವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಅವಳ ಹಿಂದೆ ಉಳಿದವರೂ ಕೂತರು. ಆಮೇಲೆ ನೋಡಬೇಕು ಗದ್ದಲ! ಬಣ್ಣಕ್ಕಾಗಿ ಜಗಳ, ಮೂಲೆಯ ತುಂಡಿಗಾಗಿ ಎಳೆದಾಟ. ಬಾಯವ್ವನ ಸೊಟ್ಟಪಟ್ಟ ಮೊದಲ ಸಾಲು ನೋಡಿ ಹುಸೇನಮಾ, “ಎತ್ತು ಉಚ್ಚಿ ಹೊಯ್ದಂಗ ಆಗೈತಲ್ರಿ!” ಎಂದಾಗ ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶೆಟ್ಟೆವ್ವ.

ಎದ್ದು ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಬಂದವರು ಮಾತ್ರ ಬಿಡಲಿಲ್ಲ. ಮರುವರ್ಷ ಕಿತ್ತೂರಿನ ಉತ್ಸವದ ಮಳಿಗೆಯಲ್ಲಿ ಎರಡೂ ಊರಿನವರ ಕೌದಿಗಳು ಒಂದೇ ಹಗ್ಗದ ಮೇಲೆ ತೂಗುತ್ತಿದ್ದವು. ಕೊಳ್ಳಲು ಬಂದವರು, “ಯಾರು ಹೊಲಿದದ್ರಿ ಇದು?” ಎಂದು ಕೇಳಿದರು.

“ನಾನ್ರಿ,” ಎಂದಳು ಶೆಟ್ಟೆವ್ವ. ಪಕ್ಕದ ಕೌದಿಯನ್ನು ಎತ್ತಿ ಬಿಚ್ಚುತ್ತ, “ಇದು ನಮ್ಮ ದೊಡವಾಡದವರದು. ಮುಟ್ಟಿ ನೋಡ್ರಿ, ಭಾಳ ಮೆತ್ತಗೈತಿ,” ಎಂದಳು.