ಎತ್ತಿ ನೋಡಿ ತಂದ ಸ್ಟೀರಿಯೊ

ಸ್ಟೀರಿಯೊ ಕೊಳ್ಳಲು ಹೊರಟವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಎತ್ತಿ ನೋಡಬೇಡಿ. ಕಿವಿಯಲ್ಲಿ ಕೇಳುವ ವಸ್ತುವನ್ನು ಕೈಯಲ್ಲಿ ತೂಗಿ ಆರಿಸುವವರು ಎಲ್ಲಾದರೂ ಇದ್ದಾರೆಯೇ ಎಂದು ನೀವು ನಗಬಹುದು. ಇದ್ದಾರೆ. ನಮ್ಮಪ್ಪ.

ಅಪ್ಪ ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಅಲ್ಲಿಯ ಕೂಲಿಯವರ ಲೈನ್ ಮನೆಗಳಿಂದ ಚಿಕ್ಕಮಗಳೂರಿನ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿನಾರಿನಲ್ಲಿ ನಾನು ಎರಡು ವಾಕ್ಯ ಓದುವಷ್ಟರಲ್ಲಿ ಹಿಂದಿನ ಬೆಂಚಿನವರು ನನ್ನ ಉಚ್ಚಾರವನ್ನು ಅಣಕಿಸಿ ನಕ್ಕರು. ಮುಂದಿನ ಬೆಂಚಿನವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅದು ಇನ್ನೂ ಹೆಚ್ಚು ಚುಚ್ಚಿತು. ಇಂಗ್ಲಿಷ್ ಮೇಡಂ ನನ್ನನ್ನು ಕರೆದು ನಾಲ್ಕು ಕ್ಯಾಸೆಟ್ ಕೊಟ್ಟರು. "ದಿನಾ ಕೇಳು, ಕೇಳಿದ ಹಾಗೇ ಹೇಳು. ಎರಡು ತಿಂಗಳಿಗೆ ಮತ್ತೆ ನಿನ್ನ ಸರದಿ ಬರುತ್ತೆ," ಅಂದರು.

ನಾನು ಮತ್ತು ಗೆಳತಿಯೊಬ್ಬಳು ದರ್ಜಿಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆವು. ಒಂದು ಮಂಚ, ಒಂದು ಚಾಪೆ, ಒಂದು ಕಿಟಕಿ. ಅದರೊಳಗೆ ಇಡಬಹುದಾದ, ನಮ್ಮ ಕೈಗೆ ಎಟುಕುವ, ಮಾತು ಸ್ಪಷ್ಟವಾಗಿ ಕೇಳಿಸುವ ಸೆಟ್ ಬೇಕಿತ್ತು. ಅಪ್ಪ ಭಾನುವಾರ ಬಸ್ಸು ಹತ್ತಿ ಬಂದ.

ಸ್ಟೀರಿಯೊ ಅಂಗಡಿಯವನು ಅಪ್ಪನನ್ನು ಕಂಡದ್ದೇ, "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದು ಹಾಕಿದ. ಕಾಫಿ ತರಿಸಿದ. ಆಮೇಲೆ ಎರಡು ಸೆಟ್ ಮುಂದಿಟ್ಟ. ಒಂದು ಚಿಕ್ಕದು, ಹಿಡಿಕೆ ಇದ್ದದ್ದು. ನನ್ನ ಕ್ಯಾಸೆಟ್ ಹಾಕಿಸಿ ನೋಡಿದೆ. ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳಿತು. ಇನ್ನೊಂದು ಅಂಗಡಿಯಲ್ಲೇ ಜೋಡಿಸಿದ್ದು. ಅಕ್ಕಪಕ್ಕ ಎರಡು ದೊಡ್ಡ ಸ್ಪೀಕರ್ ಡಬ್ಬ, ಕೆಂಪು ಹಸಿರು ದೀಪ. ಅದಕ್ಕೆ ಅವನು ನನ್ನ ಕ್ಯಾಸೆಟ್ ಹಾಕಲೇ ಇಲ್ಲ. ಹಾಡು ಹಾಕಿದ, ಗಾಜಿನ ಬಾಗಿಲು ನಡುಗಿತು.

"ನನಗೆ ಚಿಕ್ಕದೇ ಸಾಕಪ್ಪ," ಅಂದೆ.

ಅಪ್ಪ ಎದ್ದ. ಚಿಕ್ಕದನ್ನು ಎತ್ತಿ ಕೆಳಗಿಟ್ಟ. ದೊಡ್ಡ ಡಬ್ಬ ಎತ್ತಿದ. ಎಸ್ಟೇಟಿನಲ್ಲಿ ಸಂಜೆ ಹಣ್ಣಿನ ಚೀಲ ತಕ್ಕಡಿಗೆ ಹೋಗುವ ಮೊದಲೇ ಎತ್ತಿ ನೋಡಿ ಇಷ್ಟು ಕೆಜಿ ಎಂದು ಹೇಳುವ ಕೈ ಅದು. ತಪ್ಪಿದ್ದೇ ಇಲ್ಲವಂತೆ.

"ಅದು ಜೊಳ್ಳು ಕಣೆ. ಇದರಲ್ಲಿ ಮಾಲಿದೆ."

"ಅಪ್ಪ, ಇದು ಕಾಫಿ ಅಲ್ಲ."

"ಯಜಮಾನ್ರ ಕೈಗೆ ಗೊತ್ತಾಗಿಬಿಡ್ತು ನೋಡಮ್ಮ," ಅಂದ ಅಂಗಡಿಯವನು. ಅಪ್ಪನ ಮುಖ ಅರಳಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು; ನೀರೇ ಗೆದ್ದಿತು. ಓದುವವಳು ನಾನು, ನಗೆಗೀಡಾದವಳು ನಾನು, ಆರಿಸುವವನು ಮಾತ್ರ ಅಪ್ಪ. ದೊಡ್ಡದನ್ನೇ ಆಟೋದಲ್ಲಿ ಹೇರಿಕೊಂಡು ಕೋಣೆಗೆ ತಂದೆವು.

ಆ ಸೆಟ್ಟು ಮಾತನಾಡುತ್ತಿರಲಿಲ್ಲ, ಗುಮ್ಮೆನ್ನುತ್ತಿತ್ತು. ಕ್ಯಾಸೆಟ್ಟಿನ ಹೆಂಗಸು ಹಂಡೆಯೊಳಗೆ ಕೂತು ಇಂಗ್ಲಿಷ್ ಹೇಳಿಕೊಟ್ಟ ಹಾಗೆ. ಗುಂಡಿ ತಿರುಗಿಸಿದೆ, ಡಬ್ಬಕ್ಕೆ ಬಟ್ಟೆ ಹೊದಿಸಿದೆ, ಕಿವಿ ಒತ್ತಿ ಹಿಡಿದೆ. ಎರಡು ತಿಂಗಳು ಕಳೆಯಿತು. ನನ್ನ ಸರದಿಯ ದಿನ ನಾನು ಕಾಲೇಜಿಗೇ ಹೋಗಲಿಲ್ಲ. ಹೆದರಿಕೊಂಡು ಚಾಪೆಯ ಮೇಲೆ ಕೂತಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಬಂತು. ದರ್ಜಿಯವರ ಸ್ಕ್ರೂಡ್ರೈವರ್ ತಂದು ಬಲಗಡೆಯ ಡಬ್ಬದ ಬೆನ್ನು ಬಿಚ್ಚಿದೆ. ಅಂಗೈಯಗಲದ ಸ್ಪೀಕರ್. ಅದರ ಕೆಳಗೆ ಟಾರು ಹಾಕಿ ಅಂಟಿಸಿದ್ದ ಇಟ್ಟಿಗೆ. ಎಡಗಡೆಯದರಲ್ಲೂ ಹಾಗೇ.

ಅಂಗಡಿಗೆ ಹೋಗಿ ಇಟ್ಟಿಗೆಯನ್ನು ಗಾಜಿನ ಮೇಲೆ ಕುಕ್ಕಿದೆ. ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ನಿಮ್ಮಪ್ಪನೇ ಎತ್ತಿ ನೋಡಿ ಒಪ್ಪಿದ್ದಲ್ವೇನಮ್ಮ?" ಅಂದ. ಪಿತ್ತ ನೆತ್ತಿಗೇರಿತು. ಅವನಿಗೆ ಬೈಯಲು ಬಾಯಿ ಬರಲಿಲ್ಲ. ಹಾಗಾಗಿ ಅಪ್ಪನಿಗೆ ಬೈಯೋಣವೆಂದು ಇಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಣಕಲ್ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಅತ್ತೆ, ಅಪ್ಪನ ಸ್ವಂತ ತಂಗಿ. ಚೀಲ ಗಾತ್ರಕ್ಕಿಂತ ಭಾರ ಅನಿಸಿದರೆ ಅಪ್ಪ ಅಲ್ಲೇ ನೆಲಕ್ಕೆ ಸುರಿಸುತ್ತಾನೆ. ತೂಕ ಹೆಚ್ಚಲೆಂದು ಕೊಯ್ಯುವವರು ಹಣ್ಣಿನ ನಡುವೆ ಕಲ್ಲು ಇಡುವುದುಂಟು. ನಾನು ಚಿಕ್ಕವಳಿದ್ದಾಗ ಅತ್ತೆಯ ಚೀಲವನ್ನೂ ಎಲ್ಲರೆದುರು ಸುರಿಸಿದ್ದ. ಮುಷ್ಟಿ ಗಾತ್ರದ ಕಲ್ಲು ಉರುಳಿತು. ಅತ್ತೆಯ ಆ ದಿನದ ತೂಕ ಬರೆಯಲಿಲ್ಲ, ಕೂಲಿಯೂ ಹೋಯಿತು. ಅವಳು ತಲೆ ತಗ್ಗಿಸಿಕೊಂಡು ಹಣ್ಣು ಬಾಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಇಟ್ಟಿಗೆಯನ್ನು ಅವನ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಆಮೇಲೆ ಕೇಳಿದೆ: "ಅತ್ತೆ ಚೀಲ ಸುರಿಸಿ ನೋಡ್ದೆ. ಅವನ ಡಬ್ಬ ಯಾಕೆ ಬಿಚ್ಚಿಸಿ ನೋಡ್ಲಿಲ್ಲ?"

ಅಪ್ಪ ಇಟ್ಟಿಗೆ ಎತ್ತಿ ಕೈಯಲ್ಲಿ ಹಿಡಿದುಕೊಂಡ.

"ಅವ್ರು ಕುರ್ಚಿ ಹಾಕಿದ್ರಲ್ಲೇ," ಅಂದ.

ಬೈಯಲು ಬಂದವಳು ನಾನು. ಆದರೆ ಸಿಟ್ಟು ಅಪ್ಪನನ್ನು ಬಿಟ್ಟು ಹೊರಗೆ ಹೋಯಿತು, ಇನ್ನೂ ಮರಳಿ ಬಂದು ಎಲ್ಲೂ ಕೂತಿಲ್ಲ. ಎಸ್ಟೇಟಿನ ತೂಕದ ಜಾಗದಲ್ಲಿ ಒಂದು ಕುರ್ಚಿ ಇದೆ. ಅದು ತೂಕ ಬರೆದುಕೊಳ್ಳುವ ರೈಟರದ್ದು. ಅಪ್ಪ ಇಪ್ಪತ್ತೆರಡು ವರ್ಷ ಅದರ ಪಕ್ಕ ನಿಂತೇ ಚೀಲ ಎತ್ತಿದ್ದ.