ಶಹಾಬಾದಿ ಕಲ್ಲೂ ಮಾಣಿಕ ಮುತ್ಯಾನ ಧೋತರವೂ

ಡಾಬಕಾದ ಕೌಸಲ್ಯಾಬಾಯಿಯವರು ಭಾಲ್ಕಿಯಲ್ಲಿ ಬಸ್ಸಿಳಿದವರೇ ನೆಟ್ಟಗೆ ನಾಗಸೇನನ ಮನೆಗೆ ಬಂದರು. ಜೈ ಭೀಮ್ ಅನ್ನಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಕೈಚೀಲದಿಂದ ಮೊಬೈಲು ತೆಗೆದು ಅವನ ಮೂಗಿನ ಮುಂದೆ ಹಿಡಿದರು.

“ಇದು ನೀವ ತೆಗದದ್ದು ಹೌದಿಲ್ರಿ?”

ನಾಗಸೇನ ಕನ್ನಡಕ ಏರಿಸಿಕೊಂಡು ನೋಡಿದ. ಅವರ ಮಗಳು ಉಜ್ವಲಾಳ ಫೋಟೋ. ಹತ್ತು ದಿನಗಳ ಹಿಂದೆ ಅವಳ ಸಾಖರಪುಡಾದಲ್ಲಿ, ಅಂದರೆ ಮದುವೆಯ ನಿಶ್ಚಯದ ದಿನ, ಅವನೇ ಡಾಬಕಾಕ್ಕೆ ಹೋಗಿ ತೆಗೆದದ್ದು. ಬಿಳಿ ಸೀರೆ, ತಲೆಯಲ್ಲಿ ಮಲ್ಲಿಗೆ, ತುಟಿಯಲ್ಲಿ ತಡೆದುಕೊಂಡ ನಗು, ಎಲ್ಲವೂ ಅವನು ಕಂಡದ್ದೇ. ಆದರೆ ಮುಖಕ್ಕೆ ಯಾರೋ ಅರಿಶಿನ ಕಲಸಿ ಬಳಿದಂತಿತ್ತು. ಕಣ್ಣಿನ ಬಿಳಿ ಭಾಗ ಕಾಸಿದ ತುಪ್ಪದ ಬಣ್ಣಕ್ಕೆ ತಿರುಗಿತ್ತು.

“ಫೋಟೋ ನಂದರಿ. ಬಣ್ಣ ನಂದಲ್ಲ.”

“ಬಣ್ಣ ಯಾರದರೆ ಇರ್ಲಿ! ಹುಡುಗಿಗಿ ಕಾಮಣಿ ರೋಗ ಅದ, ಮುಚ್ಚಿಟ್ಟು ಕೊಡ್ಲಿಕತ್ಯಾರ ಅಂತ ಬೀಗರು ಅನ್ಲಿಕತ್ಯಾರ. ರಕ್ತ ತೋರಿಸಿ ಕಾಗದ ತರಬೇಕಂತ. ಎಂಟು ದಿವ್ಸ ಆಯ್ತು, ಹುಡುಗ ಆಕಿ ಫೋನ್ ಎತ್ತವಲ್ಲ. ನನ್ನ ಮಗಳಿಗಿ ಒಂದಿನ ಜ್ವರ ಬಂದದ್ದು ನನಗ ನೆನಪಿಲ್ಲ ಮಾರಾಯಾ.”

ನಾಗಸೇನನಿಗೆ ಕಿವಿಯವರೆಗೆ ಬಿಸಿ ಏರಿತು. ನಲವತ್ತೊಂಬತ್ತು ವರ್ಷದ ಆ ಮನುಷ್ಯ ಸ್ವಭಾವದಿಂದ ಸಾಧು. ಆದರೆ ಬಣ್ಣ ಕೆಟ್ಟರೆ ಅವನಿಗೆ ತಡೆಯುತ್ತಿರಲಿಲ್ಲ.

ಬಣ್ಣದ ಆ ಗೀಳು ಹತ್ತಿಸಿದವರು ಬೀದರಿನ ಅಮೀರ ಪಾಶಾ. ಠಾಣಾ ಕುಶನೂರಿನಿಂದ ಹದಿನೇಳರ ಹರೆಯದಲ್ಲಿ ಬೀದರಿಗೆ ಬಂದ ನಾಗಸೇನ, ಚೌಬಾರದ ಹತ್ತಿರದ ಅವರ ಸಣ್ಣ ಸ್ಟುಡಿಯೋದಲ್ಲಿ ಹನ್ನೆರಡು ವರ್ಷ ಕೆಲಸ ಕಲಿತ. ಬೆಳಕಿಗೆ ಒಂದೊಂದು ಬಣ್ಣವಿರುತ್ತದೆ, ದೀಪದ ಬೆಳಕು ಹಳದಿ, ನೆರಳಿನ ಬೆಳಕು ನೀಲಿ, ನಮ್ಮ ಕಣ್ಣು ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಯಂತ್ರಕ್ಕೆ ಮಾತ್ರ ಹೇಳಿಕೊಡಬೇಕಾಗುತ್ತದೆ ಎಂಬುದನ್ನು ಮೊದಲು ಹೇಳಿದವರು ಅವರೇ. ಹೇಳಿಕೊಡಲು ಒಂದು ಬೂದು ಬಣ್ಣದ ವಸ್ತು ಬೇಕು. ಪೇಟೆಯಲ್ಲಿ ಸಿಗುವ ಬೂದು ರಟ್ಟು ದೊಡ್ಡ ಊರಿನವರ ಶೋಕಿ. ಅಮೀರ ಪಾಶಾ ಒಂದು ದಿನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಹಸಿರಿಗೆ ಎಳೆಯುತ್ತದೆ, ಒಂದು ಹಳದಿಗೆ ಎಳೆಯುತ್ತದೆ ಎಂದು ಅರ್ಧ ರಾಶಿ ತಿರುವಿಹಾಕಿ, ಯಾವ ಕಡೆಗೂ ಎಳೆಯದ ಅಂಗೈಯಗಲದ ಒಂದು ಶಹಾಬಾದಿ ತುಂಡು ಆರಿಸಿದರು. ಕಲ್ಲಿನವನು ನಕ್ಕು ಪುಕ್ಕಟೆ ಕೊಟ್ಟ.

“ಬಿಳಿ ಅರಿವಿ ನೆಚ್ಚಬ್ಯಾಡ ಬೇಟಾ,” ಎನ್ನುತ್ತಿದ್ದರು ಅವರು. “ಒಗ್ಯಾಂವ ಅದಕ್ಕೇನ್ ಹಾಕ್ಯಾನೋ ಯಾರಿಗಿ ಗೊತ್ತು?”

ಪಾಶಾ ತೀರಿಕೊಂಡ ಮೇಲೆ ಆ ಕಲ್ಲು ನಾಗಸೇನನ ಜೋಳಿಗೆಗೆ ಬಂತು. ಈಗ ಅವನು ಭಾಲ್ಕಿಯಲ್ಲಿದ್ದು, ಬೀದರಿನ ಓಂಪ್ರಕಾಶನ ಸ್ಟುಡಿಯೋಕ್ಕೆ ಮದುವೆಗಳ ಫೋಟೋ ತೆಗೆದು ಕೊಡುತ್ತಾನೆ. ರಾ ಫೈಲಿನಲ್ಲಿಯೇ ತೆಗೆಯುತ್ತಾನೆ. “ರಾ ಅಂದ್ರ ಜ್ವಾಳದ ಹಿಟ್ಟು ಇದ್ದಂಗರಿ, ರೊಟ್ಟಿ ಆಮ್ಯಾಲ ಬಡೀಬೇಕು” ಎಂದು ಕೇಳಿದವರಿಗೆಲ್ಲ ವಿವರಿಸುತ್ತಾನೆ. ಪ್ರತಿ ಮನೆಯಲ್ಲಿ ಮೊದಲನೆಯ ಫೋಟೋಕ್ಕೆ ಹುಡುಗಿಯ ಕೈಯಲ್ಲಿ ಆ ಕಲ್ಲು ಹಿಡಿಸುತ್ತಾನೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಕಲ್ಲಿನ ಮೇಲೆ ಒತ್ತಿ, ಇದು ಬೂದು ಎಂದು ತಿಳಿಸಿದರೆ ಆಯಿತು, ಆ ಬೆಳಕಿನ ಫೋಟೋಗಳ ಬಣ್ಣವೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತದೆ. ವೈಟ್ ಬ್ಯಾಲೆನ್ಸ್ ಎಂದರೆ ಇಷ್ಟೇ.

ಉಜ್ವಲಾ ಕೂಡ ಅಂದು ಕಲ್ಲು ಹಿಡಿದು ನಕ್ಕಿದ್ದಳು. ಠಾಣಾ ಕುಶನೂರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಚುರುಕು ಹುಡುಗಿ. “ಕಾಕಾ, ಹೂವು ಕೊಡೂ ಹೊತ್ತಿನಾಗ ಕಲ್ಲು ಕೊಡ್ತೀರಲ್ರಿ! ಯಾರಿಗಿ ಒಗೀಲಿ?”

ಕ್ಯಾಮೆರಾದ ಮೆಮೊರಿ ಕಾರ್ಡನ್ನು ಓಂಪ್ರಕಾಶನಿಗೆ ಒಪ್ಪಿಸುವಾಗ ನಾಗಸೇನ ಹೇಳಿಯೇ ಇದ್ದ: ನಾನು ಬಣ್ಣ ಕೂಡಿಸಿ ಕೊಡುವತನಕ ಒಂದನ್ನೂ ಕಳಿಸಬೇಡ. ಫೈಲುಗಳ ಒಂದು ನಕಲನ್ನು ತನ್ನ ಬಳಿ ಇಟ್ಟುಕೊಂಡಿದ್ದೂ ಒಳ್ಳೆಯದಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೀದರಿಗೆ ಹೋದ. ಓಂಪ್ರಕಾಶ ಚಹಾ ಕುಡಿಯುತ್ತ ಕುಳಿತಿದ್ದ.

“ಬೀಗರು ಒಂದ ಸವನ ಫೋನ್ ಹಚ್ಚಿದ್ರಪಾ. ಮೊಬೈಲಿಗಿ ಕಳಸ್ರಿ, ಕಳಸ್ರಿ ಅಂತ. ನಾನೇ ಬಣ್ಣ ಕೂಡಿಸಿ ನಲವತ್ತು ಕಳಿಸಿದೆ. ಅದರಾಗೇನು ದೊಡ್ಡ ವಿದ್ಯಾ ಅದ? ಬೆಳ್ಳಂದು ನೋಡಿ ಒತ್ತೂದು.”

“ಯಾವುದರ ಮ್ಯಾಲ ಒತ್ತಿದಿ?”

“ಮುದುಕನ ಧೋತರದ ಮ್ಯಾಲ. ಫೋಟೋದಾಗ ಅದಕ್ಕಿಂತ ಬೆಳ್ಳಂದು ಮತ್ತೇನಿತ್ತು?”

ನಾಗಸೇನ ತಲೆಯ ಮೇಲೆ ಕೈಯಿಟ್ಟುಕೊಂಡ. ಆ ಮುದುಕ ಉಜ್ವಲಾಳ ಅಜ್ಜ, ಮಾಣಿಕ ಮುತ್ಯಾ. ಮೊಮ್ಮಗಳ ದಿನಕ್ಕೆಂದು ಧೋತರವನ್ನು ತಾನೇ ಒಗೆದು, ತಾನೇ ನೀಲಿಯಲ್ಲಿ ಅದ್ದಿ, ಊರವರು ದೂರದಿಂದಲೇ ಗುರುತಿಸುವಂತೆ ಉಟ್ಟು ಕೂತಿದ್ದ. ನೀಲಿ ಕುಡಿದ ಬಟ್ಟೆಯನ್ನು ತೋರಿಸಿ ಇದೇ ಬಿಳಿ ಎಂದರೆ ಕಂಪ್ಯೂಟರು ಪಾಪ ಏನು ಮಾಡೀತು? ಆ ನೀಲಿಯನ್ನು ಅಳಿಸಲು ಇಡೀ ಚಿತ್ರಕ್ಕೆ ಹಳದಿ ಸುರಿಯಿತು. ಧೋತರ ಹಾಲಿನಂತಾಯಿತು, ಮನುಷ್ಯರು ಅರಿಶಿನವಾದರು.

“ಬೀಗರಿಗಿ ಒಂದು ಫೋನ್ ಮಾಡು. ತಪ್ಪು ನಮ್ಮದರಿ ಅಂತ ಒಂದ ಮಾತು ಹೇಳು.”

“ಹೇಳಿದ್ರ ನನ್ನ ಹೆಸರೇನಾಗ್ತದ? ಅವರು ಕೇಳಿದಾಗ ನಾ ಹೇಳೀನಿ, ಕ್ಯಾಮೆರಾ ಇದ್ದದ್ದು ಇದ್ದಂಗ ತೋರಸ್ತದರಿ ಅಂತ.”

“ಹಂಗಂತ ಹೇಳಿದೇನು?” ನಾಗಸೇನನ ದನಿ ಎಷ್ಟು ಏರಿತೆಂದರೆ ಎದುರಿನ ಅಂಗಡಿಯವರು ಇಣುಕಿದರು. “ಒಂದು ಹುಡುಗಿ ಮೈಗಿ ರೋಗ ಹಚ್ಚಿ, ಆಮ್ಯಾಲ ಕ್ಯಾಮೆರಾದ ಸಾಕ್ಷಿ ಬ್ಯಾರೆ ಹಾಕಿದಿ! ನಿನ್ನ ಕಣ್ಣಾಗ ಏನಿತ್ತೋ? ಆ ಪರಿ ಹಳದಿ ಮುಖ ಕಂಡಿಲ್ಲೇನು?”

“ನಾ ಏನು ಡಾಕ್ಟರೇನು?” ಎಂದ ಓಂಪ್ರಕಾಶ. “ಭಾಳ ಹಾರಾಡಬ್ಯಾಡ ನಾಗಸೇನ. ಮುಂದ ಲಗ್ನದ ಹಂಗಾಮು ಅದ.”

ಮುಂದೆ ಕೆಲಸ ಸಿಗದು ಎಂಬುದನ್ನು ಅವನು ಹೀಗೆ ಹೇಳಿದ್ದ. ನಾಗಸೇನನಿಗೆ ಅದು ಅರ್ಥವಾಗದೆ ಇರಲಿಲ್ಲ. ಎದ್ದು ಭಾಲ್ಕಿಯ ಬಸ್ಸು ಹಿಡಿದ.

ಆ ಸಂಜೆಯೇ, ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು, ರಾತ್ರಿ ತನ್ನ ಮನೆಯಲ್ಲೇ ಉಳಿದಿದ್ದ ಕೌಸಲ್ಯಾಬಾಯಿಯವರನ್ನು ಕರೆದುಕೊಂಡು, ಭಾಲ್ಕಿಯಲ್ಲಿದ್ದ ವರನ ಮನೆಗೆ ಹೋದ. ವರ ಸುಶೀಲಕುಮಾರ ಕಾಲೇಜಿನಲ್ಲಿ ಪಾಠ ಹೇಳುವವನು. ಅವನ ತಾಯಿ ಸುಮಿತ್ರಾಬಾಯಿಯವರು ಮೆತ್ತಗಿನ ಮಾತಿನವರು. ಮೆತ್ತಗಿನ ಮಾತಿಗೆ ಎದುರಾಡುವುದು ಯಾವಾಗಲೂ ಕಷ್ಟ.

“ನಾವೇನ್ ಅಂದಿಲ್ಲರಿ ಬಾಯಿಯವರ. ರಕ್ತದ ಕಾಗದ ತರ್ರಿ ಅಂದೇವಿ, ಅಷ್ಟ. ನಾಳೆ ನಮ್ಮ ಹುಡುಗನ ಬಾಳಿನ ಮಾತು ಅಲ್ರೀ?”

ನಾಗಸೇನ ಅವರ ಮೊಬೈಲಿನಲ್ಲಿದ್ದ ಫೋಟೋವನ್ನೇ ತೆಗೆಯಿಸಿದ.

“ನೀವು ಡಾಬಕಾದಾಗ ಇವರ ಮನಿಗಿ ಬಂದಿದ್ರಿ. ಊಟಕ್ಕ ನೆಲದ ಮ್ಯಾಲ ಕುಂತಿದ್ರಿ. ಆ ನೆಲ ಯಾವ ಬಣ್ಣದ್ದರಿ?”

“ಫರಸಿ. ಬೂದಿ ಬಣ್ಣ.”

“ಈ ಫೋಟೋದಾಗ?”

ಸುಮಿತ್ರಾಬಾಯಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಅರಿಷಿಣ ಬಳದಂಗ ಅದ.”

“ಅಂದ್ರ ನೆಲಕ್ಕೂ ಕಾಮಣಿ ಆಗ್ಯಾದೇನ್ರಿ?”

ಯಾರೂ ನಗಲಿಲ್ಲ. ನಾಗಸೇನ ಮುಂದಿನ ಫೋಟೋ ತೆಗೆದ. ಅದರಲ್ಲಿ ಉಜ್ವಲಾಳೂ ಸುಶೀಲಕುಮಾರನೂ ಒಂದೇ ಸೋಫಾದ ಮೇಲೆ ಕೂತಿದ್ದರು. ಅವನು ಎರಡು ಬೆರಳಿನಿಂದ ಹಿಗ್ಗಿಸಿದ. ಹುಡುಗಿಯ ಮುಖವನ್ನಲ್ಲ, ಹುಡುಗನ ಮುಖವನ್ನು.

“ಈಗ ಇವರ ಕಣ್ಣು ನೋಡ್ರಿ.”

ಸುಶೀಲಕುಮಾರನ ಕಣ್ಣು ಕೂಡ ಅಷ್ಟೇ ಹಳದಿಯಾಗಿತ್ತು. ಹಲ್ಲೂ ಹಳದಿ, ಕತ್ತೂ ಹಳದಿ, ಉಂಗುರ ಹಾಕಿಸಿಕೊಂಡ ಬೆರಳಿನ ಉಗುರೂ ಹಳದಿ.

“ಎಂಟು ದಿವ್ಸ ಈ ಫೋಟೋ ಎಷ್ಟು ಮಂದಿ ನೋಡಿದ್ರಿ? ಕಾಕಾ ನೋಡಿದ್ರು, ಮಾವ ನೋಡಿದ್ರು, ಬೀಗರ ಬೀಗರು ನೋಡಿದ್ರು. ಆಕಿ ಕಣ್ಣು ಎಲ್ಲಾರಿಗೂ ಕಾಣಸ್ತು. ಮಗ್ಗಲಾಗೇ ಕುಂತ ಇವರ ಕಣ್ಣು ಒಬ್ಬರಿಗೂ ಕಾಣಸಲಿಲ್ಲ! ಹ್ಯಾಂಗರಿ ಇದು?”

ಸುಮಿತ್ರಾಬಾಯಿಯವರು ಮಗನ ಕಣ್ಣನ್ನು ಮೊಬೈಲಿನಲ್ಲೊಮ್ಮೆ, ಎದುರಿಗೊಮ್ಮೆ ನೋಡಿದರು. ಹಾಗೆ ಹೋಲಿಸಿ ನೋಡುವ ಬುದ್ಧಿ ಹುಡುಗಿಯ ವಿಷಯದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾಗಸೇನ ಲ್ಯಾಪ್‌ಟಾಪು ಬಿಚ್ಚಿ, ಉಜ್ವಲಾ ಕಲ್ಲು ಹಿಡಿದು ನಗುತ್ತಿದ್ದ ರಾ ಫೈಲು ತೆರೆದ. ಮೊದಲು ಮುತ್ಯಾನ ಧೋತರದ ಮೇಲೆ ಒತ್ತಿ ತೋರಿಸಿದ, ಎಲ್ಲವೂ ಹಳದಿ. ಆಮೇಲೆ ಕಲ್ಲಿನ ಮೇಲೆ ಒತ್ತಿದ. ಹಳದಿ ಇಳಿದು ಹೋಯಿತು. ಹದವಾಗಿ ಕಾದ ಬೆಲ್ಲದ ಬಣ್ಣದ ಆ ಹುಡುಗಿ, ಬೆಳ್ಳಗಿನ ಕಣ್ಣುಗಳಿಂದ ಎಲ್ಲರನ್ನೂ ನೋಡಿದಳು. ಮೂಲೆಯಲ್ಲಿ ಕೂತ ಮುತ್ಯಾನ ಧೋತರ ಮಾತ್ರ ಆಕಾಶದಂತೆ ನೀಲಿಯಾಯಿತು.

“ನೀಲಿ ಒಂದ ಮುಚ್ಚಳ ಹಾಕ್ರಿ ಮಾವಾ ಅಂತ ನಾ ಬಡಕೊಂಡೆ,” ಎಂದರು ಕೌಸಲ್ಯಾಬಾಯಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿಬಿಟ್ಟು. “ಮೂರು ಹಾಕ್ಯಾರ.”

ಸುಮಿತ್ರಾಬಾಯಿಯವರು ಉಸಿರು ಬಿಟ್ಟರು. “ಹೋಗ್ಲಿ ಬಿಡ್ರಿ, ಫೋಟೋದ ತಪ್ಪು. ಆದ್ರೂ ಒಂದ್ಸಲ ರಕ್ತ ತೋರಿಸಿ ಬಿಟ್ರ ಏನಾಗ್ತದ? ಮನಸ್ಸಿಗಿ ಸಮಾಧಾನ.”

“ಹಂಗಾದ್ರ ಇಬ್ಬರದೂ ತೋರಸ್ರಿ,” ಎಂದ ನಾಗಸೇನ. “ಹಳದಿ ಇಬ್ಬರೂ ಆಗಿದ್ರಲ್ಲ.”

“ನಮ್ಮ ಹುಡುಗನಿಗೇನಾಗ್ಯಾದರಿ?”

“ಆಕಿಗೇನಾಗಿತ್ತರಿ?”

ಆಗ ಸುಶೀಲಕುಮಾರ ನೆಲ ನೋಡುತ್ತ ಅಂದ, “ನಾ ಏನೂ ಅಂದಿಲ್ಲರಿ. ಮನ್ಯಾಗ ಹಿರಿಯರು ಅಂದ್ರು.”

ನಾಗಸೇನನಿಗೆ ಓಂಪ್ರಕಾಶನ ಮೇಲೆ ಬಂದಿದ್ದ ಸಿಟ್ಟು ಈ ಸಿಟ್ಟಿನ ಮುಂದೆ ಏನೂ ಅಲ್ಲವೆನ್ನಿಸಿತು. “ಸರ್, ನೀವು ಕಲಿತವರು. ಆಕಿ ಮಗ್ಗಲಾಗ ಮೂರು ತಾಸು ಕುಂತಿದ್ರಿ. ಆಕಿ ಕಣ್ಣಾಗ ಕಣ್ಣಿಟ್ಟು ಮಾತಾಡಿದ್ರಿ, ನಾನೇ ಫೋಟೋ ತೆಗದೀನಿ. ಆ ನಿಮ್ಮ ಕಣ್ಣು ಬಿಟ್ಟು ಈ ಅಂಗೈಯಷ್ಟು ಡಬ್ಬಿ ನಂಬಿದ್ರಲ್ಲ! ಒಂದು ಫೋನ್ ಮಾಡಿ ಹ್ಯಾಂಗಿದ್ದೀ ಅಂತ ಕೇಳಬೇಕು ಅನ್ನಿಸಲಿಲ್ಲೇನ್ರಿ?”

ಕೌಸಲ್ಯಾಬಾಯಿಯವರು ಮಗಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದು, ಆದದ್ದನ್ನೆಲ್ಲ ಹೇಳಿದರು. ಹುಡುಗಿ ಹರ್ಷದಿಂದ ಅತ್ತಾಳೆಂದು ಸುಮಿತ್ರಾಬಾಯಿ ಕಾದರು.

“ಛಲೋ ಆಯ್ತು,” ಎಂದಿತು ಆ ಕಡೆಯ ದನಿ. “ಅವರು ಎಂಟು ದಿವ್ಸ ವಿಚಾರ ಮಾಡ್ಯಾರಲ್ಲ. ನಾನೂ ಎಂಟು ದಿವ್ಸ ವಿಚಾರ ಮಾಡಿ ಹೇಳ್ತೇನಿ ಅನ್ನವ್ವ.”

ಆ ಎಂಟು ದಿನಗಳಲ್ಲಿ ಸುಶೀಲಕುಮಾರ ಹಲವು ಸಲ ಫೋನ್ ಮಾಡಿದನಂತೆ. ಆಕೆ ಪ್ರತಿ ಸಲವೂ ಎತ್ತಿ, ಮರ್ಯಾದೆಯಿಂದಲೇ ಮಾತಾಡಿದಳಂತೆ. ಒಂಬತ್ತನೆಯ ದಿನ ಉಂಗುರವನ್ನು ರಿಜಿಸ್ಟರ್ ಅಂಚೆಯಲ್ಲಿ ಭಾಲ್ಕಿಗೆ ಕಳಿಸಿದಳು. ಲಕೋಟೆಗೆ ಠಸ್ಸೆ ಒತ್ತಿದವಳೂ ಅವಳೇ. ಕೆಲವರು ಹಟಮಾರಿ ಎಂದರು. ಕೌಸಲ್ಯಾಬಾಯಿಯವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, “ರಕ್ತದ ಕಾಗದ ಕೇಳಿದ ಮನ್ಯಾಗ ಆಕಿ ಕೆಮ್ಮಿದ್ರೂ ಲೆಕ್ಕ ಕೇಳ್ತಿದ್ರು” ಎಂದು ತಾವೇ ಹೇಳಿ ರೊಟ್ಟಿ ಬಡಿಯಲು ಎದ್ದರು.

ಓಂಪ್ರಕಾಶನಿಂದ ಆ ಹಂಗಾಮಿನಲ್ಲಿ ಕರೆ ಬರಲಿಲ್ಲ. ನಾಗಸೇನ ಔರಾದದ ಕಡೆಯ ಮದುವೆಗಳನ್ನು ತಾನೇ ಹಿಡಿದ. ಯಾರಿಗೂ ಬೇಡವಾದ ಡಾಬಕಾದ ನಲವತ್ತು ಫೋಟೋಗಳನ್ನು ಮಾತ್ರ ಬಿಡದೆ ಒಂದೊಂದಾಗಿ ಸರಿಪಡಿಸಿ ಇಟ್ಟ. ಹಾಗೆಯೇ ಬಿಟ್ಟಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ರವಿವಾರ ಉಜ್ವಲಾ ತಾನೇ ಬಂದಳು. ಜೋಡಿ ಫೋಟೋಗಳನ್ನು ಸರಸರನೆ ದಾಟಿಸಿ ಮೂರನ್ನು ಆರಿಸಿದಳು: ಅವ್ವನ ಜೊತೆ ಇದ್ದದ್ದು, ಮುತ್ಯಾ ಒಬ್ಬನೇ ಗತ್ತಿನಿಂದ ಕೂತದ್ದು, ತಾನು ಕಲ್ಲು ಹಿಡಿದು ನಕ್ಕದ್ದು.

“ಕಾಕಾ, ಮುತ್ಯಾ ಕೇಳ್ಯಾನರಿ. ಅವನ ಧೋತರ ಒಂದಿಷ್ಟು ಬೆಳ್ಳಗ ಮಾಡ್ಲಿಕ್ಕೆ ಬರ್ತದೇನಂತ?”

“ಬರ್ತದವ್ವ. ಆದ್ರ ನಾ ಮಾಡಾಂಗಿಲ್ಲ.”

“ಮಾಡಬ್ಯಾಡ್ರಿ,” ಎಂದಳು ಅವಳು, ನಗು ತಡೆಯಲಾರದೆ. “ಮೂರು ಮುಚ್ಚಳ ಹಾಕಿದಂವಗ ಮೂರು ಮುಚ್ಚಳಾನೂ ಕಾಣ್ಲಿ.”