ಡಿಶ್ಶಿನಲ್ಲಿ ಬಾರದ ಚಾನೆಲ್ಲು

ನಾನು ಜಿಪುಣನಲ್ಲ, ಲೆಕ್ಕಾಚಾರದ ಮನುಷ್ಯ ಎಂದು ಹೇಳಿಕೊಂಡೇ ಅರವತ್ತು ದಾಟಿದವನು. ಈಗ ಆ ಮಾತು ಬಾಯಿಗೆ ಬಂದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೋಲಾರದ ನಮ್ಮ ಮನೆಯ ಕೇಬಲ್ ಬಾಕ್ಸು ಸಿಡಿಲಿಗೆ ಸುಟ್ಟುಹೋಯಿತು. ಕೇಬಲ್‌ನವನು ಹೊಸದಕ್ಕೆ ಸಾವಿರದ ಆರುನೂರು ಕೇಳಿದ, ಹಳೆಯದನ್ನು ವಾಪಸ್ ಕೊಟ್ಟರೂ ಒಂದು ರೂಪಾಯಿ ಬಿಡುವುದಿಲ್ಲ ಎಂದ. ನನಗೆ ರೇಗಿತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಡಿಶ್ ವಿಚಾರಿಸಿದೆ. ಛತ್ರಿ, ಬಾಕ್ಸು, ಹತ್ತು ಮೀಟರ್ ವೈರು, ಫಿಟ್ಟಿಂಗು ಎಲ್ಲ ಸೇರಿ ಸಾವಿರದ ಮುನ್ನೂರು. ಮಾಲೂರಿನಲ್ಲಿ ಇನ್ನೂ ಐವತ್ತು ಕಮ್ಮಿ ಎಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋಗಿಬಂದೆ. ಬಸ್ ಚಾರ್ಜನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಂಥ ಬುದ್ಧಿವಂತ ನಾನು.

ಕೇಬಲ್ ಬೇಡವೆಂದಾಗ ಅವನು ಜಗಳವಾಡಲಿಲ್ಲ. "ಡಿಶ್‌ನಲ್ಲಿ ನಮ್ಮ ಲೋಕಲ್ ಚಾನೆಲ್ ಬರಲ್ಲ ಸಾರ್. ಮನೇಲಿ ಒಂದ್ಮಾತು ಕೇಳಿ ಹಾಕ್ಸಿ" ಎಂದ. ಗಿರಾಕಿ ಕೈತಪ್ಪುವ ಸಂಕಟಕ್ಕೆ ಆಡಿದ ಮಾತು ಎಂದುಕೊಂಡೆ. ಆ ಚಾನೆಲ್‌ನಲ್ಲಿ ಬರುತ್ತಿದ್ದುದಾದರೂ ಏನು? ಟೊಮೇಟೊ ರೇಟು, ಚಿನ್ನದಂಗಡಿಯ ಜಾಹೀರಾತು, ಕೆಳಗಡೆ ಓಡುವ ಸಾವಿನ ಸುದ್ದಿ. ಅದನ್ನು ನೋಡಿ ನಾನೇನು ಮಾಡಲಿ?

ನೋಡುತ್ತಿದ್ದವಳು ಅಮ್ಮ. ಅವಳಿಗೆ ಎರಡು ಕಿವಿಯೂ ಮಂದ. ಫೋನು ಹಿಡಿದರೆ ಬರೀ ಗುಯ್ ಎನ್ನುತ್ತದಂತೆ. ನಾಲ್ಕನೇ ಕ್ಲಾಸಿನ ಓದಿನಲ್ಲೇ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಓಡುವ ಅಕ್ಷರಗಳನ್ನು ಬಿಡದೆ ಓದುತ್ತಿದ್ದಳು. ಹಿಂದೆ ನಾವು ಬಾಡಿಗೆಗಿದ್ದ ವಠಾರದಲ್ಲಿ ಎದುರುಮನೆಯ ಮುಸ್ಲಿಂ ಹೆಂಗಸು ರವಿಕೆ ಹೊಲಿದರೆ ಅಮ್ಮ ಹುಕ್ಕು ಹಾಕಿ ಕೊಡುತ್ತಿದ್ದಳು. ಹೀಗೇ ಮೂವತ್ತು ವರ್ಷ. ಅಮ್ಮನ ತವರಿನ ತೆಲುಗು, ಆಕೆಯ ಉರ್ದು ಎರಡೂ ಬೆರೆತ ಕನ್ನಡದಲ್ಲಿ ಇಬ್ಬರ ಜಗಳ, ಇಬ್ಬರ ನಗು. ಈಗ ಆಕೆ ಊರಿನ ಇನ್ನೊಂದು ಕೊನೆಯಲ್ಲಿ, ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನೋಡಲು ಹೋದಾಗ ಅಮ್ಮ ಆ ಮಗನಿಗೆ ಹೇಳಿದ್ದಳು: ಏನಾದರೂ ಆದರೆ ಫೋನ್ ಮಾಡಬೇಡ, ನನಗೆ ಕೇಳುವುದಿಲ್ಲ, ಎಲ್ಲರ ಹಾಗೆ ಕೇಬಲ್‌ನಲ್ಲಿ ಹಾಕಿಸು, ಮುಖ ನೋಡಲು ಬಂದೇ ಬರುತ್ತೇನೆ. ನಾನು ಪಕ್ಕದಲ್ಲೇ ಕೂತಿದ್ದೆ. ಕಿವಿ ಸರಿಯಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಡಿಶ್ ಹಾಕಿಸುವಾಗ ಅದೊಂದೂ ನೆನಪಿಗೆ ಬರಲಿಲ್ಲ.

ಡಿಶ್ ಬಂದಮೇಲೆ ಅಮ್ಮ ಎರಡು ದಿನ ರಿಮೋಟ್ ಒತ್ತಿ ಒತ್ತಿ ಹುಡುಕಿದಳು. ನಮ್ಮೂರ ಚಾನೆಲ್ ಎಲ್ಲೋ ಎಂದಳು. ಮುನ್ನೂರು ಚಾನೆಲ್ ಇದಾವೆ, ಯಾವುದಾದರೂ ಒಂದು ನೋಡಮ್ಮ ಎಂದು ಸಿಡುಕಿದೆ. ಅವಳು ಮತ್ತೆ ಕೇಳಲಿಲ್ಲ. ಧಾರಾವಾಹಿಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ಹದಿನೈದು ದಿನ ಕಳೆದಿರಬಹುದು. ಹಳೇ ವಠಾರದ ಆಟೋದವನು ಸಿಕ್ಕಿ, ಅಮ್ಮ ಯಾಕೆ ಬರಲೇ ಇಲ್ಲ ಎಂದ. ಎಲ್ಲಿಗೆ ಎಂದೆ. ಆ ಎದುರುಮನೆಯಾಕೆ ಮಣ್ಣಾಗಿ ಆಗಲೇ ನಾಲ್ಕು ದಿನವಾಗಿತ್ತು. ಅವನ ಆಟೋದಲ್ಲೇ ಮನೆಗೆ ಬಂದು, ವಿಷಯ ಹೇಳಿ, ಅಮ್ಮನನ್ನು ಕೂರಿಸಿಕೊಂಡು ಹೋದೆ.

ಆಕೆಯ ಮಗ ನಮ್ಮನ್ನು ಒಳಗೆ ಕರೆದು ಕೂರಿಸಿದ. ಹೆಂಗಸರೆಲ್ಲ ಬಂದು ಅಮ್ಮನ ಸುತ್ತ ನಿಂತರು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಬೆಳಿಗ್ಗೇನೇ ಕೇಬಲ್‌ನಲ್ಲಿ ಹಾಕ್ಸಿದ್ವಿ ಅಣ್ಣ. ನಿಮ್ಮಮ್ಮ ಬಂದೇ ಬರ್ತಾರೆ ಅಂತ ಸಾಯಂಕಾಲದ ನಮಾಜ್ ತನಕ ಕಾದ್ವಿ. ಮುಖ ಮುಚ್ಚಲಿಲ್ಲ."

ಅಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. ನನ್ನ ತೋಳು ಹಿಡಿದು, ಏನಂದ ಎಂದಳು. ಸುಳ್ಳು ಹೇಳೋಣವೆಂದರೆ, ಅವಳಿಗೆ ಹೇಳುವ ಮಾತು ಇಡೀ ಮನೆಗೆ ಕೇಳುತ್ತದೆ. ಕಿವಿಯ ಹತ್ತಿರ ಬಾಗಿ, ಸಾಯಂಕಾಲದ ತನಕ ನಿನಗೋಸ್ಕರ ಕಾದರಂತೆ ಎಂದು ಕೂಗಿದೆ.

"ಆಗ ನಾನೆಲ್ಲಿದ್ದೆನೋ?" ಎಂದಳು.

ಮೆಲ್ಲಗೆ ಹೇಳಿದೆ, ಕೇಳಿಸಲಿಲ್ಲ. ಎಲ್ಲರೆದುರು ಗಂಟಲು ಹರಿಯುವಂತೆ ಕೂಗಬೇಕಾಯಿತು.

"ಮನೇಲೇ ಇದ್ಯಮ್ಮ. ನೀನು ಟಿವಿ ಮುಂದೆ ಕೂತಿದ್ದೆ."